ಪೆಟ್ರೋಲಿನ ಬಯಕೆ

ಮೊದಲ ಬಸುರಿನಲ್ಲಿ ನನಗೆ ಮಾವಿನಕಾಯಿ ಬೇಕೆನಿಸಲಿಲ್ಲ, ಹುಣಸೆಹುಳಿಯೂ ಬೇಕೆನಿಸಲಿಲ್ಲ. ಬೇಕೆನಿಸಿದ್ದು ಪೆಟ್ರೋಲಿನ ವಾಸನೆ. ಅರವತ್ತರ ದಶಕದ ನಡುವಿನಲ್ಲಿ, ವೇಣೂರಿನ ಹತ್ತಿರದ ನಮ್ಮ ಮನೆಯಲ್ಲಿ, ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ. ಬಸುರಿ ಸೊಸೆ ಪತ್ರೊಡೆ ಕೇಳಬಹುದು, ಒಣಮೀನಿನ ಚಟ್ನಿ ಕೇಳಬಹುದು. ಬಸ್ಸಿನ ಹಿಂದೆ ನಿಂತಾಗ ಬರುವ ವಾಸನೆ ಬೇಕು ಎಂದು ಯಾರ ಹತ್ತಿರ ಕೇಳುವುದು?

ಆದರೆ ಆ ವಾಸನೆ ಮನೆಯಲ್ಲೇ ಇತ್ತು. ನನ್ನ ಗಂಡ ಮರ ಕಡಿಯುವ ಕಂತ್ರಾಟು ಮಾಡುತ್ತಿದ್ದರು. ಅಳದಂಗಡಿ, ಶಿರ್ತಾಡಿ ಕಡೆ ಉಳಿದವರೆಲ್ಲ ಕೊಡಲಿ ಮತ್ತು ಇಬ್ಬರು ಎಳೆಯುವ ಗರಗಸದಿಂದ ಕೆಲಸ ಮಾಡುತ್ತಿದ್ದ ಕಾಲ ಅದು. ಇವರು ಮಾತ್ರ ಘಟ್ಟದ ಮೇಲಿನ ಕಾಫಿ ತೋಟದವರೊಬ್ಬರಿಂದ ಪೆಟ್ರೋಲಿನಲ್ಲಿ ಓಡುವ ಹಳೆಯ ಗರಗಸವೊಂದನ್ನು ತಂದಿದ್ದರು. ಎರಡು ಕೈಯಲ್ಲಿ ಎತ್ತಿ ಹಿಡಿಯುವಂಥದು; ಹಲ್ಲುಗಳಿರುವ ಸರಪಳಿ ಗಿರಗಿರನೆ ತಿರುಗುತ್ತಿತ್ತು. ಪೆಟ್ರೋಲಿಗೆ ಇಂಜಿನ್ ಆಯಿಲ್ ಬೆರೆಸಿ ಹೊಯ್ದು ಹಗ್ಗ ಎಳೆದರೆ ಕಿವಿ ಕಿವುಡಾಗುವಂತೆ ಅರಚಿ ನೀಲಿ ಹೊಗೆ ಬಿಡುತ್ತಿತ್ತು. ಮದುವೆಯಾದ ಹೊಸತರಲ್ಲಿ ಆ ಹೊಗೆಗೆ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡವಳೇ. ಬಸುರಾದ ಮೇಲೆ ಅದೇ ಮೂಗು ಹೊಗೆಯನ್ನು ಹುಡುಕಿಕೊಂಡು ಹೋಗತೊಡಗಿತು.

ಸಂಜೆ ಅವರು ಬಂದು ಅಂಗಿ ಕಳಚಿ ಹಗ್ಗದ ಮೇಲೆ ಹಾಕಿದ ಕೂಡಲೇ ನಾನು ಅದನ್ನು ತೆಗೆದು ಮುಖಕ್ಕೆ ಒತ್ತಿಕೊಳ್ಳುತ್ತಿದ್ದೆ. ಒಂದು ದಿನ ಅದು ನನ್ನ ಮಾಮಿಯ ಕಣ್ಣಿಗೆ ಬಿತ್ತು. ನಮ್ಮಲ್ಲಿ ಅತ್ತೆಯನ್ನು ಮಾಮಿ ಎನ್ನುತ್ತೇವೆ. ಅವರು ಬೈಯಲಿಲ್ಲ. ಬದಲಿಗೆ ನೆಂಟರು ಬಂದಾಗಲೆಲ್ಲ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳತೊಡಗಿದರು:

"ಈಗಿನ ಹುಡುಗಿಯರಿಗೆ ಗಂಡ ಅಂದ್ರೆ ಅಷ್ಟಕ್ಕಷ್ಟೇ ಅಂತಾರೆ. ಇವಳನ್ನು ನೋಡಿ. ಅವನ ಬೆವರಿನ ಅಂಗಿ ಒಗೆಯಲಿಕ್ಕೆ ಕೊಡುವುದಿಲ್ಲ."

ನಾನು ತಲೆ ತಗ್ಗಿಸಿ ನಾಚಿಕೊಂಡವಳ ಹಾಗೆ ಕೂರುತ್ತಿದ್ದೆ. ಪತಿಭಕ್ತೆ ಎಂಬ ಹೆಸರು ಇಷ್ಟು ಸುಲಭವಾಗಿ ಸಿಗುವುದಾದರೆ ಬೇಡವೆನ್ನಲು ನನಗೇನು ಹುಚ್ಚೇ? ಸುದ್ದಿ ಗಂಡನ ಕಿವಿಗೂ ಬಿದ್ದಿರಬೇಕು. ಅಲ್ಲಿಯ ತನಕ ಪೇಟೆಯಿಂದ ಉಪ್ಪು, ಮೆಣಸು ಬಿಟ್ಟು ಬೇರೇನೂ ತಾರದವರು ಮೂಡಬಿದಿರೆಯಿಂದ ಮಲ್ಲಿಗೆ ತರತೊಡಗಿದರು. ಮುಡಿದುಕೊಂಡೆ. ಆದರೆ ಅಂಗಿ ಮೂಸುವಾಗ ಮಲ್ಲಿಗೆಯ ಪರಿಮಳ ಅಡ್ಡ ಬರುತ್ತಿತ್ತು. ಒಳಗೆ ಹೋಗಿ ಹೂ ತೆಗೆದಿಟ್ಟು ಬಂದು ಮತ್ತೆ ಮೂಸುತ್ತಿದ್ದೆ.

ಅಂಗಿಯಲ್ಲಿದ್ದದ್ದು ಸಾಲದೆ ಹೋಯಿತು. ದನದ ಹಟ್ಟಿಯ ಪಕ್ಕದ ಸಣ್ಣ ಕೋಣೆಯಲ್ಲಿ ಅವರು ಗರಗಸ ಬಿಚ್ಚಿ ರಿಪೇರಿ ಮಾಡುತ್ತಿದ್ದರು. ನಾನು ಅಲ್ಲಿ ಮಣೆ ಹಾಕಿಕೊಂಡು ಕೂರಲು ಶುರುಮಾಡಿದೆ.

"ನಿನಗೆ ಇಂಜಿನಿನ ಕೆಲಸ ಇಷ್ಟವಾ?" ಎಂದು ಅವರು ಆಶ್ಚರ್ಯದಿಂದ ಕೇಳಿದರು.

"ಹೇಗೆ ಓಡ್ತದೆ ಅಂತ ಗೊತ್ತಾಗ್ಬೇಕು ನನಗೆ," ಎಂದೆ.

ಪಾಪ, ಅವರು ಪಾಠವನ್ನೇ ಆರಂಭಿಸಿದರು. ಪ್ಲಗ್ಗು ಯಾವುದು, ಕಾರ್ಬುರೇಟರ್ ಯಾವುದು ಎಂದು ಹೇಳಿಕೊಟ್ಟರು. ನಾನು ಮಾತ್ರ ದಿನವೂ ಕೇಳುತ್ತಿದ್ದ ಪ್ರಶ್ನೆ ಒಂದೇ: ಟ್ಯಾಂಕಿನ ಮುಚ್ಚಳ ತೆಗೆಯುವುದು ಹೇಗೆ? ಅವರು ತಾಳ್ಮೆಯಿಂದ ತೆಗೆದು ತೋರಿಸುತ್ತಿದ್ದರು. ನಾನು ಬಗ್ಗಿ ನೋಡುವ ನೆಪದಲ್ಲಿ ಉಸಿರೆಳೆದುಕೊಳ್ಳುತ್ತಿದ್ದೆ. ಹೆಂಡತಿಗೆ ಆಸಕ್ತಿ ಬಹಳ, ಬುದ್ಧಿ ಸ್ವಲ್ಪ ನಿಧಾನ ಎಂದು ಅವರು ತೀರ್ಮಾನಿಸಿದ್ದರಂತೆ.

ಆ ದಿನಗಳಲ್ಲಿ ಇಬ್ಬರಿಗೂ ತಲೆನೋವು ಬರುತ್ತಿತ್ತು. ಅವರದ್ದಕ್ಕೆ ಬಿಸಿಲು ಕಾರಣವೆಂದೂ ನನ್ನದಕ್ಕೆ ಬಸುರು ಕಾರಣವೆಂದೂ ಮನೆಯಲ್ಲಿ ಹೇಳುತ್ತಿದ್ದರು. ಮಾಮಿ ಇಬ್ಬರ ಹಣೆಗೂ ಗಂಧ ತೇಯ್ದು ಹಚ್ಚುತ್ತಿದ್ದರು.

ಹಟ್ಟಿಯಲ್ಲಿ ದನ ಕರು ಹಾಕಿದ ವಾರದಲ್ಲಿ ಆ ಘಟನೆ ನಡೆಯಿತು. ಯಂತ್ರದ ಸದ್ದಿಗೆ ದನ ಬೆದರಿ ಹಾಲು ಕೊಡುವುದಿಲ್ಲವೆಂದು ಮಾಮಿ ಸಿಟ್ಟಾದರು. "ಬಾಗಿಲು ಹಾಕಿಕೊಂಡು ಎಂತ ಬೇಕಾದ್ರೂ ಮಾಡು," ಎಂದರು. ಇವರು ಬಾಗಿಲು ಹಾಕಿದರು, ಕಿಟಕಿಗೆ ಗೋಣಿ ಕಟ್ಟಿದರು. ಇಂಜಿನು ಒಂದೇ ಸಮನೆ ಓಡುತ್ತಿಲ್ಲ, ನೋಡಬೇಕು ಎಂದು ಚಾಲೂ ಮಾಡಿ ಹಾಗೆಯೇ ಬಿಟ್ಟರು. ನಾನು ಮಣೆಯ ಮೇಲೆ ಕಣ್ಣು ಮುಚ್ಚಿ ಕೂತೆ. ಅಷ್ಟು ಹೊಗೆ ನನಗೆ ಎಂದೂ ಸಿಕ್ಕಿರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಕಣತಲೆ ಬಿಗಿಯತೊಡಗಿತು. ಏಳಬೇಕೆಂದರೆ ಮೊಣಕಾಲು ನನ್ನದಲ್ಲ ಎನಿಸಿತು. ಹೇಳಬೇಕೆಂದರೆ ನಾಲಿಗೆ ಹೊರಳಲಿಲ್ಲ. ಇವರು ಗೋಡೆ ಹಿಡಿದು ನಿಂತದ್ದು ಮಸುಕಾಗಿ ಕಂಡಿತು. ಯಂತ್ರ ಓಡುತ್ತಲೇ ಇದೆ, ಎಷ್ಟು ಬಾಗಿಲು ಬಡಿದರೂ ಯಾರೂ ತೆಗೆಯುವುದಿಲ್ಲವಲ್ಲ ಎಂದು ಮಾಮಿಗೆ ಅನುಮಾನ ಬಂದು ಬಾಗಿಲು ತಳ್ಳಿದರಂತೆ. ನನ್ನ ರಟ್ಟೆ ಹಿಡಿದು ಎಳೆದು ಅಂಗಳಕ್ಕೆ ಹಾಕಿದ್ದು ಅವರೇ. ಅಲ್ಲಿ ನಾನು ವಾಂತಿ ಮಾಡಿದೆ. ಇವರು ಹೇಗೋ ಯಂತ್ರ ನಿಲ್ಲಿಸಿ ಬಂದು ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕೂತರು.

ಪೇಟೆಯಿಂದ ಬಾಡಿಗೆ ಕಾರು ತರಿಸಿ ಮೂಡಬಿದಿರೆಯ ಡಾಕ್ಟರಲ್ಲಿಗೆ ಹೋದೆವು. ಅವರು ಹೆಂಗಸು, ಖಡಕ್ ಮಾತಿನವರು. ಮಾಮಿ ಮೊದಲೇ ರೋಗ ಪತ್ತೆಮಾಡಿ ಇಟ್ಟಿದ್ದರು.

"ದೃಷ್ಟಿ ಡಾಕ್ಟ್ರೇ. ಇವರ ಅನ್ಯೋನ್ಯ ಕಂಡು ಯಾರಿಗೋ ಹೊಟ್ಟೆ ಉರಿದಿದೆ. ಇಬ್ಬರಿಗೂ ಒಟ್ಟಿಗೆ ತಾಗಿದೆ."

ಡಾಕ್ಟರು ನನ್ನ ನಾಡಿ ಹಿಡಿದವರು ಮೂಗು ಸಿಂಡರಿಸಿದರು. "ಇವಳ ಸೀರೆ ಯಾಕೆ ಬಸ್‌ಸ್ಟ್ಯಾಂಡಿನ ಹಾಗೆ ನಾರ್ತಾ ಉಂಟು? ನೀನೇ ಹೇಳು. ಸರಿಯಾಗಿ ಹೇಳದಿದ್ರೆ ಮದ್ದು ಕೊಡ್ಲಿಕ್ಕಾಗುವುದಿಲ್ಲ."

ಮಗುವಿನ ಹೆದರಿಕೆಯಿಂದ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಪೆಟ್ರೋಲಿನ ವಾಸನೆ ಇಲ್ಲದಿದ್ದರೆ ಇರಲಿಕ್ಕೇ ಆಗುವುದಿಲ್ಲ ಎಂದೆ. ಅದಕ್ಕೇ ಆ ಕೋಣೆಯಲ್ಲಿ ಕೂರುವುದು, ಅದಕ್ಕೇ ಅಂಗಿ ಮೂಸುವುದು ಎಂದೆ.

"ಅಂಗಿಯೂ ಅದಕ್ಕೇನಾ?" ಇವರು ಮೆಲ್ಲಗೆ ಕೇಳಿದರು.

"ಹೌದು."

ಇವರು ಕಿಟಕಿಯ ಹೊರಗೆ ನೋಡತೊಡಗಿದರು. ಮಾಮಿ ಸೀರೆಯ ನೆರಿಗೆ ಸರಿಮಾಡಿಕೊಂಡರು.

ಡಾಕ್ಟರಿಗೆ ಮಾತ್ರ ಆಶ್ಚರ್ಯವಾಗಲಿಲ್ಲ. "ನಿನ್ನಲ್ಲಿ ರಕ್ತ ಕಡಿಮೆ ಉಂಟು. ಅಂಥವರಿಗೆ ಹೀಗೆ ಮಣ್ಣು, ಬೂದಿ, ಎಂತೆಂತದೋ ಬೇಕು ಅನ್ನಿಸುವುದುಂಟು. ಕಬ್ಬಿಣದ ಮಾತ್ರೆ ಕೊಡ್ತೇನೆ," ಎಂದರು. ಆಮೇಲೆ ಇವರ ಕಡೆ ತಿರುಗಿದರು. "ಆ ಹೊಗೆಯಲ್ಲಿ ಕಣ್ಣಿಗೆ ಕಾಣದ, ಮೂಗಿಗೂ ಗೊತ್ತಾಗದ ವಿಷ ಒಂದುಂಟು. ಅದು ರಕ್ತಕ್ಕೆ ಸೇರಿದ್ರೆ ಉಸಿರಿಗೆ ಜಾಗ ಇಲ್ಲ. ತಾಯಿಗೆ ಇಲ್ಲದ ಉಸಿರು ಹೊಟ್ಟೆಯ ಮಗುವಿಗೆ ಎಲ್ಲಿಂದ ಬರ್ತದೆ? ಪೆಟ್ರೋಲಿನ ಆವಿಯೂ ಒಳ್ಳೆಯದಲ್ಲ. ನಿಮಗೆ ದಿನಾ ಸಂಜೆ ತಲೆನೋವು ಬರುವುದು ಬಿಸಿಲಿಂದ ಅಂತ ಯಾರು ಹೇಳಿದ್ದು?"

ಮಗುವಿನ ಎದೆಬಡಿತ ಸರಿಯಾಗಿದೆ ಎಂದು ಹೇಳಿ, ಮುಂದೆ ಜಾಗ್ರತೆಯಿರಲಿ ಎಂದು ಗದರಿಸಿ ಕಳಿಸಿದರು. ಇವರು ಹಲವು ದಿನ ಬಾವಿಕಟ್ಟೆಯಲ್ಲೇ ಸಾಬೂನು ತಿಕ್ಕಿ ತಿಕ್ಕಿ ಮಿಂದು, ಅಂಗಿಯನ್ನು ಅಲ್ಲೇ ಒಗೆದು ಒಳಗೆ ಬರುತ್ತಿದ್ದರು. ಮಲ್ಲಿಗೆ ನಿಂತಿತು. ಮಾತ್ರೆ ತೆಗೆದುಕೊಂಡ ಹಾಗೆ ನನ್ನ ಬಯಕೆಯೂ ಇಳಿಯಿತು. ನನ್ನ ಅಷ್ಟು ದೊಡ್ಡ ಆಸೆ ಬರೀ ಕಬ್ಬಿಣದ ಕೊರತೆ ಎಂದು ತಿಳಿದಾಗ ಸ್ವಲ್ಪ ಅವಮಾನವೇ ಆಯಿತು.

ಸಿಟ್ಟು ಇಳಿದ ಮೇಲೆ ಇವರು ಗರಗಸಕ್ಕೆ ನಾರದ ಎಣ್ಣೆಯನ್ನು ಹುಡುಕಲು ಹೊರಟರು. ಬಸ್ಸಿನ ಮೆಕ್ಯಾನಿಕ್ಕನೊಬ್ಬ, ಇಂಜಿನ್ ಆಯಿಲ್ ಬದಲು ಹರಳೆಣ್ಣೆ ಬೆರೆಸಿದರೆ ಹೊಗೆ ನಾರುವುದಿಲ್ಲ ಎಂದನಂತೆ. ಬಾಣಂತನಕ್ಕೆಂದು ಮಾಮಿ ಇಟ್ಟಿದ್ದ ಹರಳೆಣ್ಣೆ ಯಂತ್ರದ ಹೊಟ್ಟೆ ಸೇರಿತು. ಅಂಗಳದಲ್ಲಿ ಓಡಿಸಿದಾಗ ನಿಜವಾಗಿಯೂ ಸಿಹಿಯಾದ, ಬೇರೆಯೇ ಪರಿಮಳ. ನಾನು ಚಾವಡಿಯಿಂದ ತಜ್ಞೆಯ ಹಾಗೆ, "ಈಗ ಒಳ್ಳೆದುಂಟು," ಎಂದು ಒಪ್ಪಿಗೆ ಕೊಟ್ಟೆ. ಮುಂದಿನ ಸಲ ಡಾಕ್ಟರಲ್ಲಿಗೆ ಹೋದಾಗ ಇವರು ಹೆಮ್ಮೆಯಿಂದ ಅದನ್ನು ಹೇಳಿದರು.

"ಪರಿಮಳ ಬಂದ ಮಾತ್ರಕ್ಕೆ ವಿಷ ಹೋಯ್ತಾ?" ಎಂದರು ಡಾಕ್ಟರು. "ಹೊಗೆಯೇ ಬೇಡ ಅಂದ್ರೆ ಕರೆಂಟಿನ ಯಂತ್ರ ತೆಗೊಳ್ಳಿ."

"ನಮ್ಮಲ್ಲಿಗೆ ಕರೆಂಟು ಬಂದಿಲ್ಲ ಡಾಕ್ಟ್ರೇ."

"ಹಾಗಾದ್ರೆ ಬರುವ ತನಕ ಬಯಲಲ್ಲಿ, ಗಾಳಿ ಬೆನ್ನಿಗೆ ಬರುವ ಹಾಗೆ ನಿಂತು ಮಾಡಿ."

ಹಾಗೆಯೇ ಮಾಡಿದರು. ಸಂಜೆಯ ತಲೆನೋವು ಕಡಿಮೆಯಾಯಿತು. ಮಗಳು ಹುಟ್ಟಿದಳು, ಗಟ್ಟಿಯಾಗಿಯೇ ಅತ್ತಳು. ಅವಳು ನಡೆಯಲು ಕಲಿಯುವ ಹೊತ್ತಿಗೆ ಬಂಟ್ವಾಳದಲ್ಲಿ ಕರೆಂಟಿನಿಂದ ಓಡುವ ಮರದ ಮಿಲ್ಲೊಂದು ತೆರೆಯಿತು. ಇವರು ಪೆಟ್ರೋಲ್ ಗರಗಸವನ್ನು ಮಾರಿ ಅಲ್ಲಿ ಮೇಸ್ತ್ರಿಯಾಗಿ ಸೇರಿದರು.

ನಾನು ಮಾತ್ರ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಡಾಕ್ಟರ ಮಾತು ಬಾಯಿಪಾಠವಾಗಿತ್ತು. ಹೊಗೆಯ ವಿಷಯದಲ್ಲಿ ನಾನೇ ಈ ಸೀಮೆಗೆ ಪಂಡಿತೆ ಎಂದುಕೊಂಡೆ. ಯಾರಿಗೆ ತಲೆನೋವು ಬಂದರೂ ಕರೆದು ಕೂರಿಸಿ ಕಾಣದ ವಿಷದ ಕಥೆ ಹೇಳುತ್ತಿದ್ದೆ. ನೆರೆಮನೆಯ ಹೆಂಗಸೊಬ್ಬರು ನನ್ನ ಮಾತು ನಂಬಿ, ಬಸ್ಸಿನ ಗಾಳಿಯೂ ತಾಗದಂತೆ ತಿಂಗಳುಗಟ್ಟಲೆ ರಸ್ತೆಗೇ ಇಳಿಯಲಿಲ್ಲ. ತಲೆನೋವು ಹೋಗಲೇ ಇಲ್ಲ. ಕೊನೆಗೆ ಅವರ ಅಣ್ಣ ಒತ್ತಾಯದಿಂದ ಮೂಡಬಿದಿರೆಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದ. ಅವರಿಗೆ ಬೇಕಾಗಿದ್ದದ್ದು ಕನ್ನಡಕ.