ಆಯಿ ಬಿಟ್ಟ ಖಾರ

ಮೊದಲಿಗೆ, ನಾಲಿಗೆಗೆ ನುಡಿಯನ್ನಿತ್ತ ಪರಮೇಶ್ವರನಿಗೆ ವಂದನೆ. ನನಗೆ ಅಕ್ಷರವನ್ನೂ ಸ್ತೋತ್ರವನ್ನೂ ಕಲಿಸಿದ ಅಜ್ಜನಿಗೂ, ತುತ್ತಿಟ್ಟು ಬೆಳೆಸಿದ ಅಜ್ಜಿಗೂ ವಂದನೆ. ಅಜ್ಜಿಯನ್ನು ನಾವು ‘ಆಯಿ’ ಎನ್ನುತ್ತಿದ್ದೆವು.

ಆ ದಿನಗಳಲ್ಲಿ ಸುಗ್ಗಿ ಬಂತೆಂದರೆ ಬ್ಯಾಡಗಿಯ ನಮ್ಮ ಅಂಗಳವೂ ಮಾಳಿಗೆಯೂ ಮೆಣಸಿನಕಾಯಿಯಿಂದ ಕೆಂಪಾಗುತ್ತಿದ್ದವು. ಆ ಘಾಟಿನಲ್ಲೇ ನಾನೂ ತಮ್ಮನೂ ಗಜಗದ ಬೀಜಗಳನ್ನು ಮೇಲಕ್ಕೆಸೆದು ಹಿಡಿಯುವ ಆಟ ಆಡುತ್ತಿದ್ದೆವು. ಮೊದಲು ಸೀನಿದವನು ಸೋತಂತೆ. ಅಜ್ಜ ಮೆಣಸಿನಕಾಯಿಯ ವ್ಯಾಪಾರಿ, ಬಲು ಮಾತುಗಾರ. ಆಯಿ ರುಬ್ಬಿದ ಕೆಂಪು ಚಟ್ನಿಯಿಲ್ಲದೆ ಅವರಿಗೂ ಅವಳಿಗೂ ರೊಟ್ಟಿ ಗಂಟಲಿಗಿಳಿಯುತ್ತಿರಲಿಲ್ಲ.

ಒಂದು ಮುಂಜಾನೆ ಅಜ್ಜ ಕೆಣಕಿದರು: “ಕಾಯಿಗೆ ಬಣ್ಣ ಐತಿ. ನಿನ್ನ ಚಟ್ನ್ಯಾಗ ಖಾರನ ಇಲ್ಲ ನೋಡು.”

“ಖಾರೆಲ್ಲಾ ನಿಮ್ಮ ನಾಲಿಗ್ಯಾಗ ಐತಲ್ಲ! ಇವತ್ತೊಂದಿನ ಬಾಯಿ ಮುಚಗೊಂಡು ಕುಂದರ್ರಿ, ಪುಣ್ಯಾ ಬರತೈತಿ,” ಎಂದಳು ಆಯಿ.

ಅಜ್ಜ ನಕ್ಕರು. ಅದೇ ಮಧ್ಯಾಹ್ನ ಕಾಯಿಯ ರಾಶಿಯ ಪಕ್ಕದಲ್ಲಿ ಕುಸಿದರು. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಬಿದ್ದುಹೋದವು, ಮಾತು ನಿಂತಿತು.

ಆಯಿ ದಿನವೂ ಎಣ್ಣೆ ತಿಕ್ಕಿದಳು. ಒಂದು ಸಂಜೆ ದೀಪ ಹಚ್ಚಿ, ಅಜ್ಜ ನಿತ್ಯ ಹೇಳುತ್ತಿದ್ದ ಶಿವಸ್ತುತಿಯನ್ನು ತಾನೇ ಆರಂಭಿಸಿದಳು. ಮಂಚದ ಮೇಲಿನಿಂದ ಅಜ್ಜನ ದನಿ ಎದ್ದಿತು. ಒಂದಕ್ಷರವೂ ತಪ್ಪದೆ ಸ್ತುತಿಯನ್ನು ಕೊನೆಯವರೆಗೂ ಹೇಳಿದರು! ಆಯಿ ಓಡಿಹೋಗಿ ಅವರ ಕೈ ಹಿಡಿದಳು.

“ನನ್ನ ಜೋಡಿನೂ ಮಾತಾಡ್ರಿ. ಒಮ್ಮೆ ನನ್ನ ಹೆಸರು ಹಿಡದ ಕರೀರಿ.”

ಅಜ್ಜ ಬಾಯಿ ತೆರೆದರು. “ಅದು... ಅದು...” ಎಂದರು. ಮತ್ತೇನೂ ಬರಲಿಲ್ಲ. ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡರು.

“ದೇವ್ರ ಜೋಡಿ ಬರೂ ಮಾತು ಹೆಂಡ್ತಿ ಜೋಡಿ ಯಾಕ ಬರೂದಿಲ್ಲ ಯವ್ವಾ? ಸಿಟ್ಟು ಬಿಟ್ಟಿಲ್ಲ ನಿಮ್ಮ ಯಜಮಾನ್ರು,” ಎಂದಳು ನೆರೆಮನೆಯ ಗೌರಕ್ಕ.

ಬಾಯಿ ಮುಚ್ಚಿಕೊಳ್ಳಿ ಎಂದವಳು ತಾನೇ ಎಂಬುದು ಆಯಿಯ ಎದೆಯಲ್ಲಿ ನಾಟಿತು. ಗಳಗನಾಥಕ್ಕೆ ಹೋಗಿ ಸಂಗಮದಲ್ಲಿ ಮಿಂದು, ಗಂಡ ತನ್ನನ್ನು ಕರೆಯುವ ತನಕ ಖಾರ ಮುಟ್ಟುವುದಿಲ್ಲವೆಂದು ಹರಕೆ ಹೊತ್ತಳು. ಬ್ಯಾಡಗಿಯಲ್ಲಿ ಹುಟ್ಟಿದವಳಿಗೆ ಅದು ಸಣ್ಣ ವ್ರತವಲ್ಲ.

ಬರಬರುತ್ತ ಕಾಲಿಗೆ ಬಲ ಬಂದು ಅಜ್ಜ ಕೋಲೂರಿ ನಡೆದರು. ಮಾತು ಮಾತ್ರ ಮರಳಲಿಲ್ಲ. ಊಟಕ್ಕೆ ಕೂತಾಗ ತಮ್ಮ ತಾಟಿನ ಚಟ್ನಿಯನ್ನು ಎಡಗೈಯಿಂದ ಆಯಿಯ ಕಡೆಗೆ ಸರಿಸುತ್ತಿದ್ದರು. “ನೀವು ಕರೆಯೂ ತನಕ ಒಲ್ಲೆ,” ಎಂದು ಅವಳು ಹಿಂದಕ್ಕೆ ಸರಿಸುತ್ತಿದ್ದಳು. ಅಜ್ಜನ ಕಣ್ಣು ತುಂಬುತ್ತಿತ್ತು. ಅದನ್ನೂ ಅವಳು ಕೋಪವೆಂದೇ ಓದಿದಳು. ಅವರು ಶಿವೈಕ್ಯರಾದ ಮೇಲೂ ಅವಳು ಖಾರ ಮುಟ್ಟಲಿಲ್ಲ. “ಸಿಟ್ಟು ಇಟಗೊಂಡ ಹೋದ್ರು,” ಎನ್ನುತ್ತಲೇ ತಾನೂ ಹೋದಳು. ಅಮಾವಾಸ್ಯೆಯಂದು ಹಿರಿಯರಿಗೆ ಎಡೆ ಇಡುವಾಗ, ಅವಳ ಹರಕೆಗೆ ಅಂಜಿ, ಅವಳ ಎಲೆಗೆ ನಾವು ಚಟ್ನಿ ಬಡಿಸುತ್ತಿರಲಿಲ್ಲ.

ಈ ವರ್ಷ ರಾಣೆಬೆನ್ನೂರಿನಲ್ಲಿರುವ ತಮ್ಮನಿಗೂ ಲಕ್ವ ಹೊಡೆಯಿತು. ಹಾವೇರಿಯ ಆಸ್ಪತ್ರೆಗೆ ಓಡಿದೆ. ಎಡಗೈ ಸತ್ತಂತಿತ್ತು, ಬಾಯಿ ಮಾತ್ರ ಬತ್ತಿರಲಿಲ್ಲ. “ಅಳಬ್ಯಾಡೋ ಅಣ್ಣಾ, ಗಜಗದಾಗ ಇನ್ನೂ ನಿನ್ನ ಸೋಲಸ್ತೇನಿ,” ಎಂದ.

ತರುಣ ವೈದ್ಯರು ಮಿದುಳಿನ ಚಿತ್ರ ತೋರಿಸಿದರು. “ಇವರಿಗೆ ಪೆಟ್ಟು ಬಿದ್ದದ್ದು ಬಲಭಾಗಕ್ಕರೀ. ಅದಕ್ಕ ಎಡಗೈ ಹೋಗೇತಿ, ಮಾತು ಉಳದೈತಿ. ಭಾಳ ಮಂದಿಗೆ ಮಾತಿನ ಜಾಗ ಎಡಕ್ಕ ಇರತೈತಿ.”

ನಾನು ಅಜ್ಜನ ಕಥೆ ಹೇಳಿದೆ. ಅವರು ಚಿತ್ರದಲ್ಲಿ ಮಿದುಳಿನ ಎಡಭಾಗದ ಮೇಲೆ ಬೆರಳಿಟ್ಟರು.

“ಅದು ಸಿಟ್ಟಲ್ಲರೀ. ಎಡಕ್ಕ ಪೆಟ್ಟಾದ್ರ ಹೊಸಾ ಮಾತು ಕಟ್ಟಾಕ ಬರೂದಿಲ್ಲ. ದಿನಾ ಅಂದು ರೂಢಿಯಾದ ಸ್ತೋತ್ರ, ಹಾಡು ಎಷ್ಟೋ ಮಂದಿಗೆ ಉಳೀತಾವ. ಹೆಸರು ಅವರ ಮನಸ್ಸಿನ್ಯಾಗ ಇದ್ದಿರಬೇಕು, ಬಾಯಿಗೆ ಬಂದಿಲ್ಲ.”

ಈ ಅಮಾವಾಸ್ಯೆಗೆ ನಾನೇ ಚಟ್ನಿ ಮಾಡಿಸಿ ಆಯಿಯ ಎಲೆಗೆ ಬಡಿಸಿದೆ. “ಅಜ್ಜ ನಿನ್ನ ಕರದಿದ್ರು ಆಯಿ, ನಮಗ ಕೇಳಸಲಿಲ್ಲ,” ಎಂದೆ. ಮಿಕ್ಸರಿನಲ್ಲಿ ಅರೆದ ಚಟ್ನಿ. ಅಂಗಳವಿದ್ದಲ್ಲಿ ಈಗ ಗೋದಾಮು. ಚಟ್ನಿಗೆ ಖಾರವಿಲ್ಲವೆಂದು ಕೆಣಕುವವರೂ ಇಲ್ಲ, ಕೆಣಕಿಸಿಕೊಳ್ಳುವವಳೂ ಇಲ್ಲ.

ನುಡಿಯಲಾರದೆ ಹೋದ ಅಜ್ಜನಿಗೆ, ಕಾದು ಹೋದ ಆಯಿಗೆ, ತಿಳಿಯದೆ ಆಡಿದ ಗೌರಕ್ಕನಿಗೆ, ತಿಳಿಸಿ ಹೇಳಿದ ವೈದ್ಯರಿಗೆ, ಗಜಗ ಹಿಡಿಯಲು ಬೆರಳು ಮಡಿಸುತ್ತಿರುವ ನನ್ನ ತಮ್ಮನಿಗೆ ಶಿವನು ಒಳಿತು ಮಾಡಲಿ.