ಸೆನೆಗಲ್ಲಿನ ಹುಡುಗ ಹೇಳಿದ ಸಾಕ್ಷಿ

ನಾವು ಹೆಳವರು. ಮನಿಮನಿಗೆ ಹೋಗಿ ಆ ಮನಿಯವರ ವಂಶಾವಳಿ ಬಾಯಿಲೇ ಹೇಳೂದು ನಮ್ಮ ಕಸಬು. ನನ್ನ ಗಂಡ ಮುದುಕಗ ದನಿ ಹೋದಮ್ಯಾಲ ಆ ಕೆಲಸ ನನ್ನ ಕೊರಳಿಗೆ ಬಿತ್ತು. ಹೋದ ಸುಗ್ಗ್ಯಾಗ ಕಾಲೆಳಕೊಂತ ಕೌಜಲಗಿಯ ಒಂದು ಮನಿ ಮುಟ್ಟಿದೆ. ಕಟ್ಟಿಮ್ಯಾಲ ಕುಂತಿದ್ದ ಗೌಡ್ರು, "ಅಜ್ಜ ಎಲ್ಲಿ? ಹೆಂಗಸು ಹೇಳಿದ್ರ ವಂಶ ಹೇಳಿದಂಗ ಆಕ್ಕೈತೇನಬೇ?" ಅಂದ್ರು.

ವಾದ ಮಾಡಾಕ ನನಗ ತ್ರಾಣ ಇರಲಿಲ್ಲ. ಈ ಮನಿ ಇವತ್ತು ತಪ್ಪಿದ್ರ ನಮ್ಮ ಪಾಲಿಗೆ ಕಾಯಂ ತಪ್ಪಿದಂಗ ಅನ್ನೂದಷ್ಟ ಗೊತ್ತಿತ್ತು.

ಬಾಜೂಕ ಒಬ್ಬ ಪರದೇಶದ ಹುಡುಗ ಕುಂತಿದ್ದ. ಆಫ್ರಿಕಾದ ಸೆನೆಗಲ್‌ದಾಂವ, ಗೌಡ್ರ ಮಗನ ಕೂಡ ನಿಡಸೋಸಿ ಕಾಲೇಜಿನ್ಯಾಗ ಓದಾಕತ್ತಾನಂತ. ನಮ್ಮ ಮಾತು ಕಲ್ತಿದ್ದ.

"ಕಾಕಾ, ನಮ್ಮ ಮನೆತನದ ಕೆಲಸಾನೂ ಇದೇ ಐತ್ರಿ. ನಮಗ ಗ್ರಿಯೋ ಅಂತಾರ. ಅಪ್ಪ ತಂತಿ ಬಾರಸ್ತಾನ, ರಾಜರ ವಂಶ ಹಾಡಾಕಿ ನಮ್ಮಜ್ಜಿ" ಅಂದ.

ಗೌಡ್ರು ಮೀಸಿ ತೀಡಿ, "ಹಂಗಾರ ಹೇಳಬೇ" ಅಂದ್ರು. ಜೀವಮಾನೆಲ್ಲಾ ಇದೇ ಓಣಿ ತುಳದಾಕಿ ನಾನು, ಸಾಕ್ಷಿ ಹೇಳಾಂವ ಸಮುದ್ರದಾಚಿಯಿಂದ ಬರಬೇಕಾತು.

ಗ್ವಾಡಿಗಿ ಬೆನ್ನು ಹಚ್ಚಿ ಮೂಲಪುರುಷನಿಂದ ಸುರು ಮಾಡಿದೆ. ಗೌಡ್ರು ಕೈಮುಗುದು ಕೇಳಿದ್ರು. ಅವರ ಮುತ್ತಜ್ಜನ ಹೆಸರು ಬರೂದ್ರಾಗ ಆ ಹುಡುಗ ಗೊರಕಿ ಹೊಡಿಯಾಕತ್ತಿದ್ದ. ಮುಗಿಸಿದಮ್ಯಾಲ ಎಬ್ಬಿಸಿದೆ.

"ಏನಪಾ, ನನ್ನ ಕಡೆ ಮಾತಾಡಿ ನೀನ ಮಲಗಿದೆಲ್ಲೊ?"

"ಸಿಟ್ಟಾಗಬ್ಯಾಡ್ರಿ ಅಜ್ಜಿ, ನಮ್ಮಜ್ಜಿ ಹಾಡಿದ್ರೂ ನನಗ ಹಿಂಗ ನಿದ್ದಿ ಬರ್ತಿತ್ತು."

ಕಸಬಿನ ಮನ್ಯಾಗ ಹುಟ್ಟಿದವರು ಎಲ್ಲಾ ದೇಶದಾಗೂ ಹಿಂಗ ಇರ್ತಾರ ಕಾಣ್ತೈತಿ. ನಾ ಬಾಯಿ ತಗದ್ರ ಸಾಕು, ನನ್ನ ಮಕ್ಕಳಿಗೂ ಕಣ್ಣು ಎಳೀತಾವ.