ಉಚ್ಚಂಗಪ್ಪನ ಮೊದಲ ಪಟ್ಟಿ

ಶಿಕಾರಿಪುರದ ಕಡೆಯ ಅಂಜನಾಪುರದ ಉಚ್ಚಂಗಪ್ಪನ ತೋಳಿಗೆ ಮೊದಲ ಪಟ್ಟಿ ಬಿದ್ದದ್ದು ೧೯೫೮ರ ಜನವರಿಯಲ್ಲಿ. ಅಷ್ಟು ಹೊತ್ತಿಗೆ ಅವನು ಸೈನ್ಯಕ್ಕೆ ಸೇರಿ ಆರು ವರ್ಷವಾಗಿತ್ತು. ಒಂದು ಪಟ್ಟಿಯ ಲಾನ್ಸ್ ನಾಯಕ್ ಎಂದರೆ ಹತ್ತು ಜವಾನರ ಮೇಲೆ ಒಬ್ಬ, ದೊಡ್ಡ ಅಧಿಕಾರವೇನಲ್ಲ. ಆದರೆ ನಿನ್ನೆಯವರೆಗೆ ಆ ಹತ್ತರಲ್ಲೇ ಒಬ್ಬನಾಗಿದ್ದವನಿಗೆ ಅದು ಸಣ್ಣದಾಗಿಯೂ ಕಾಣಲಿಲ್ಲ.

ಆ ಹತ್ತರಲ್ಲಿ ಸೊರಬದ ಕಡೆಯ ಗುಡವಿಯ ಹೂವಪ್ಪನೂ ಇದ್ದ. ಇಬ್ಬರೂ ಶಿವಮೊಗ್ಗದಲ್ಲಿ ಒಂದೇ ದಿನ ಎದೆಯಳತೆ ಕೊಟ್ಟು ಭರ್ತಿಯಾದವರು. ಇಬ್ಬರಿಗೂ ಹಿಂದಿ ಬಾರದ ಮೊದಲ ವರ್ಷವನ್ನು ಒಬ್ಬರೊಡನೊಬ್ಬರು ಕನ್ನಡ ಮಾತಾಡಿಕೊಂಡೇ ಕಳೆದಿದ್ದರು. ಹೂವಪ್ಪ ನಗುವವ, ನಗಿಸುವವ. ಪಟ್ಟಿ ಬಂದ ದಿನ ಅದನ್ನು ಗೆಳೆಯನ ಅಂಗಿಗೆ ಹೊಲಿದುಕೊಟ್ಟವನೂ ಅವನೇ.

ಆದರೆ ಉಚ್ಚಂಗಪ್ಪನ ಮಾತು ನಡೆಯುತ್ತಿರಲಿಲ್ಲ. ಹುಕುಂ ಕೊಟ್ಟರೆ ಜವಾನರು ಒಬ್ಬರ ಮುಖ ಒಬ್ಬರು ನೋಡಿ, ಆಮೇಲೆ ಏಳುತ್ತಿದ್ದರು. ಫೆಬ್ರವರಿಯಲ್ಲಿ ರಜೆಯ ಮೇಲೆ ಊರಿಗೆ ಬಂದವನು ಒಂದು ಬೆಳಿಗ್ಗೆ ಬಸ್ಸು ಹತ್ತಿ ಸೊರಬಕ್ಕೆ ಹೋದ. ಅಲ್ಲಿ ಮಹೇಶ್ವರಪ್ಪ ಎಂಬ ನಿವೃತ್ತ ಹವಾಲ್ದಾರರಿದ್ದರು. ಇಪ್ಪತ್ತು ವರ್ಷ ಸೇವೆ ಮಾಡಿ, ಬರ್ಮಾ ಯುದ್ಧ ನೋಡಿ ಬಂದವರು. ಸುತ್ತಲಿನ ಹಳ್ಳಿಗಳಿಂದ ಸೈನ್ಯಕ್ಕೆ ಹೋದವರೆಲ್ಲ ಒಮ್ಮೆ ಅವರ ಮನೆಗೆ ಹೋಗಿ ಬರುವುದು ರೂಢಿಯಾಗಿತ್ತು.

ಹವಾಲ್ದಾರರು ಜಗಲಿಯ ಮೇಲೆ ಕೂತು ಹಳೆಯ ಬೂಟಿಗೆ ಪಾಲಿಶ್ ಹಚ್ಚುತ್ತಿದ್ದರು. ಪಟ್ಟಿ ಬಂದ ಸುದ್ದಿ ಕೇಳಿದರೂ ಶಹಬ್ಬಾಸ್ ಅನ್ನಲಿಲ್ಲ.

"ಹಿಂದಿ ಪರೀಕ್ಷೆ ಕಟ್ಟಿಯೇನು?"

"ಇನ್ನೂ ಇಲ್ಲರಿ."

"ಮೊದ್ಲು ಅದನ್ನ ಪಾಸು ಮಾಡು. ಅದಿಲ್ದೆ ಎರಡನೇ ಪಟ್ಟಿ ಕನಸಿನಾಗೂ ಬರಲ್ಲ. ನಕಾಶೆ ಓದಾದು ಕಲಿ. ನಿನ್ನ ಕೈಕೆಳಗಿನವ್ರ ಜೊತೆ ಕೂತು ಉಣ್ಣಾದು ಬಿಡು. ಸಾಹೇಬ್ರ ಕಣ್ಣಿಗೆ ಬೀಳೋ ಜಾಗದಾಗೆ ನಿಂತಿರು. ತಿಳೀತಾ?"

"ಮಾತೇ ಕೇಳಲ್ಲರಿ ಅವ್ರು. ನಗ್ತಾರೆ."

ಮಹೇಶ್ವರಪ್ಪ ಬೂಟನ್ನು ಕೆಳಗಿಟ್ಟರು. "ಹಂಗಾದ್ರೆ ಒಬ್ಬನ್ನ ಮುರೀಬೇಕು. ಎಲ್ಲರ ಎದುರಿಗೆ. ಒಬ್ಬ ಮುರಿದ್ರೆ ಒಂಬತ್ತು ಜನ ನೆಟ್ಟಗಾಗ್ತಾರೆ."

"ಯಾರನ್ನರಿ?"

"ನಿನಗೆ ಯಾರು ಬಾಳ ಹತ್ರದವ್ನೋ ಅವನ್ನ. ಬೇರೆಯವ್ನಿಗೆ ಶಿಕ್ಷೆ ಕೊಟ್ರೆ ಸಿಟ್ಟು ಅಂತಾರೆ. ಗೆಳೆಯನಿಗೆ ಕೊಟ್ರೆ ಹೆದರ್ತಾರೆ."

ಉಚ್ಚಂಗಪ್ಪ ನಕ್ಕ. ಹವಾಲ್ದಾರರು ನಗಲಿಲ್ಲ.

ಹೊರಟಾಗ ಹವಾಲ್ದಾರರ ಹೆಂಡತಿ ರಾಜೇಶ್ವರಮ್ಮ ಹಿತ್ತಲ ಬಾಗಿಲಿಂದ ಬಳಸಿಕೊಂಡು ಬಂದು ಬೀದಿಯಲ್ಲಿ ಅವನನ್ನು ತಡೆದರು. "ಅವ್ರು ಹೇಳಿದ್ದೆಲ್ಲ ಮಾಡಾಕೆ ಹೋಗಬ್ಯಾಡಪ್ಪ. ಇವ್ರ ಕೈಕೆಳಗೆ ಇದ್ದೋರು ನಮ್ಮ ಸೊರಬದಾಗೇ ನಾಕು ಜನ ಅದಾರೆ. ಒಬ್ರೂ ಈ ಮನೆ ಮೆಟ್ಟಿಲು ಹತ್ತಿಲ್ಲ" ಎಂದರು. ಉಚ್ಚಂಗಪ್ಪ ಹೂಂ ಅಂದ. ಬಸ್ಸಿನಲ್ಲಿ ಕೂತ ಮೇಲೆ ಅವನ ತಲೆಯಲ್ಲಿ ಉಳಿದದ್ದು ಹವಾಲ್ದಾರರ ಮಾತು ಮಾತ್ರ.

ರಜೆ ಮುಗಿಸಿ ಝಾನ್ಸಿಯ ಆಚೆಯ ಕ್ಯಾಂಪಿಗೆ ಮರಳಿದ ಮೇಲೆ ಅವನು ಬೇರೆ ಕೂತು ಉಣ್ಣತೊಡಗಿದ. ಹಿಂದಿ ಪುಸ್ತಕ ಹಿಡಿದ. ಹೂವಪ್ಪನಿಗೆ ಇದೆಲ್ಲ ತಮಾಷೆಯಾಗಿ ಕಂಡಿತು. "ನಮ್ಮ ಉಚ್ಚಂಗಿ ಕರ್ನಲ್ ಆಗ್ತಾನಂತೆ" ಎಂದು ಎಲ್ಲರೆದುರು ಅವನ ನಡಿಗೆಯನ್ನು ಅಣಕಿಸಿ ತೋರಿಸಿದ. ಜವಾನರು ನೆಲಕ್ಕೆ ಬಿದ್ದು ನಕ್ಕರು.

ಮೇ ತಿಂಗಳ ಒಂದು ದಿನ ಬೆಳಗಿನ ಪರೇಡಿನಲ್ಲಿ ಹೂವಪ್ಪನ ಅಂಗಿಯ ಒಂದು ಗುಂಡಿ ಬಿಚ್ಚಿತ್ತು. ಅಷ್ಟೇ. ಮಧ್ಯಾಹ್ನ ಊಟವಾದ ಮೇಲೆ ಉಚ್ಚಂಗಪ್ಪ ಹತ್ತೂ ಜನರನ್ನು ಮೈದಾನಕ್ಕೆ ಕರೆಸಿದ. ಹೂವಪ್ಪನ ಬೆನ್ನಚೀಲಕ್ಕೆ ಕಲ್ಲು ತುಂಬಿಸಿದ.

"ಹತ್ತು ಸುತ್ತು. ಓಡು."

ಹೂವಪ್ಪ ಕಣ್ಣು ಮಿಟುಕಿಸಿ ಓಡಿದ. ಎರಡು ಸುತ್ತಿನ ಮಟ್ಟಿಗೆ ಅದು ಆಟವೆಂದೇ ತಿಳಿದಿದ್ದ. ನಾಲ್ಕನೆಯ ಸುತ್ತು ಮುಗಿಸಿ ಬಂದು ನಿಂತು, "ಸಾಕೇನೋ ಉಚ್ಚಂಗಿ, ಬಿಸ್ಲು ಸುಡ್ತದೆ" ಎಂದ.

"ಉಸ್ತಾದ್ ಅನ್ನು."

ಜವಾನರು ತಮ್ಮ ಮೇಲಿನ ಪಟ್ಟಿಯವನನ್ನು ಕರೆಯುವ ಮಾತು ಅದು. ಹೂವಪ್ಪ ಅವನ ಮುಖವನ್ನೇ ನೋಡಿದ. ಆಮೇಲೆ ನಗು ಇಳಿಯಿತು. "ಉಸ್ತಾದ್" ಎಂದ.

"ಇನ್ನು ಆರು ಸುತ್ತು."

ದೂರದ ಬ್ಯಾರಕ್ಕಿನ ನೆರಳಲ್ಲಿ ಅವರ ತುಕಡಿಯ ಸುಬೇದಾರರು ನಿಂತು ನೋಡುತ್ತಿದ್ದರು. ತಡೆಯಲಿಲ್ಲ. ಅದನ್ನು ಉಚ್ಚಂಗಪ್ಪ ಗಮನಿಸಿದ. ಏಳನೆಯ ಸುತ್ತಿನಲ್ಲಿ ಹೂವಪ್ಪನ ಕಾಲು ಅಡ್ಡಾದಿಡ್ಡಿ ಬೀಳತೊಡಗಿತು. ಒಬ್ಬ ಜವಾನ ನೀರಿನ ಬಾಟಲಿ ಹಿಡಿದು ಮುಂದೆ ಬಂದ. "ಸುತ್ತು ಮುಗೀಲಿ" ಎಂದು ಉಚ್ಚಂಗಪ್ಪ ಕೈ ಅಡ್ಡ ಹಿಡಿದ. ಎಂಟನೆಯದರಲ್ಲಿ ಹೂವಪ್ಪ ಮುಖ ಅಡಿಯಾಗಿ ಬಿದ್ದ. "ಎದ್ದೇಳು" ಎಂದು ಉಚ್ಚಂಗಪ್ಪ ಮೂರು ಸಲ ಕೂಗಿದ. ಓಡಿ ಹೋಗಿ ತಿರುಗಿಸಿದಾಗ ಗೆಳೆಯನ ಮೈ ಕಾದ ಹಂಚಿನಂತಿತ್ತು, ಒಂದು ಹನಿ ಬೆವರಿರಲಿಲ್ಲ.

ಹೂವಪ್ಪ ಸಾಯಲಿಲ್ಲ. ಐದು ದಿನದ ಮೇಲೆ ಕಣ್ಣು ಬಿಟ್ಟ. ಆದರೆ ನಾಲಿಗೆ ತೊದಲುತ್ತಿತ್ತು, ನಡೆದರೆ ತೂರಾಡುತ್ತಿದ್ದ, ಯಾರ ಗುರುತೂ ಸರಿಯಾಗಿ ಸಿಗುತ್ತಿರಲಿಲ್ಲ. ಬಿಸಿಲು ಮಿದುಳಿಗೆ ಹತ್ತಿದೆ, ಇಷ್ಟಕ್ಕಿಂತ ಸುಧಾರಿಸುವುದು ಕಷ್ಟ ಎಂದರು ಡಾಕ್ಟರು.

ವಿಚಾರಣೆಯ ಹಿಂದಿನ ದಿನ ಸುಬೇದಾರರು ಉಚ್ಚಂಗಪ್ಪನನ್ನು ಕರೆದು, ಹೇಳಿಕೆಯಲ್ಲಿ ಏನು ಬರೆಯಬೇಕೆಂದು ಹೇಳಿಕೊಟ್ಟರು: ಮೈ ಸರಿಯಿಲ್ಲವೆಂದು ಹೂವಪ್ಪ ಮೊದಲೇ ತಿಳಿಸಿರಲಿಲ್ಲ. ಕೇಳಿದಾಗೆಲ್ಲ ನೀರು ಕೊಡಲಾಗಿತ್ತು. ಉಳಿದ ಒಂಬತ್ತು ಜನರೂ ಅದನ್ನೇ ಹೇಳಿದರು. ನೀರು ತಂದಿದ್ದ ಜವಾನನೂ ಹೇಳಿದ. ಉಚ್ಚಂಗಪ್ಪನ ಮೇಲೆ ತಪ್ಪು ಬರಲಿಲ್ಲ. ಹವಾಲ್ದಾರ್ ಮಹೇಶ್ವರಪ್ಪನವರ ಮಾತು ನಿಜವಾಗಿತ್ತು. ಅಂದಿನಿಂದ ಆ ಒಂಬತ್ತು ಜನರಲ್ಲಿ ಯಾರೂ ನಗುತ್ತಿರಲಿಲ್ಲ. ಉಚ್ಚಂಗಪ್ಪ ಬಾಯಿ ತೆರೆಯುವ ಮೊದಲೇ ಎದ್ದು ನಿಲ್ಲುತ್ತಿದ್ದರು.

ಆಗಸ್ಟಿನಲ್ಲಿ ಹೂವಪ್ಪನನ್ನು ಸೇವೆಗೆ ಅನರ್ಹನೆಂದು ಬಿಡುಗಡೆ ಮಾಡಿದರು. ಊರು ಮುಟ್ಟಿಸಿ ಬರಲು ಒಬ್ಬ ಬೇಕಾಗಿತ್ತು. ಒಂದೇ ಕಡೆಯವನೆಂದು ಉಚ್ಚಂಗಪ್ಪನನ್ನೇ ಕಳಿಸಿದರು. ನಾಲ್ಕು ದಿನದ ರೈಲು, ಬಸ್ಸು. ದಾರಿಯುದ್ದಕ್ಕೂ ಉಚ್ಚಂಗಪ್ಪ ಎದ್ದರೆ ಹೂವಪ್ಪನೂ ಎದ್ದು ಅಟೆನ್ಷನ್ನಿನಲ್ಲಿ ನಿಲ್ಲುತ್ತಿದ್ದ. "ಕೂತ್ಕೊಳೋ" ಎಂದರೆ ಕೂರುತ್ತಿರಲಿಲ್ಲ. ಹುಕುಮಿನ ಧ್ವನಿಯಲ್ಲಿ ಹೇಳಿದರೆ ಮಾತ್ರ ಕೂರುತ್ತಿದ್ದ.

ಗುಡವಿಯಲ್ಲಿ ತಾಯಿ ಮಾಸ್ತಮ್ಮ ಮಗನ ಕೆನ್ನೆ ಹಿಡಿದು ತುಂಬ ಹೊತ್ತು ನೋಡಿದಳು. ಆಮೇಲೆ ಕೇಳಿದಳು: "ಹೆಂಗಾತಪ್ಪ ಇದು?"

"ಬಿಸ್ಲು, ಅವ್ವ."

"ನೀನು ಅಲ್ಲೇ ಇದ್ಯಾ?"

"ಇದ್ದೆ."

"ಅಷ್ಟು ಜನದಾಗೆ ಒಬ್ರೂ ನೀರು ಕೊಡ್ಲಿಲ್ವಾ ನನ್ನ ಮಗಂಗೆ?"

"ಕೊಟ್ವಿ ಅವ್ವ" ಎಂದ ಉಚ್ಚಂಗಪ್ಪ. ಮಾಸ್ತಮ್ಮ ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಒತ್ತಾಯ ಮಾಡಿ ಊಟಕ್ಕೆ ಕೂರಿಸಿ, ಎರಡು ಸಲ ಅನ್ನ ಬಡಿಸಿದಳು. ಅವನು ಉಂಡ.

ಮರುವರ್ಷ ಅವನು ಹಿಂದಿ ಪರೀಕ್ಷೆ ಪಾಸು ಮಾಡಿದ. ಎರಡನೆಯ ಪಟ್ಟಿ ಬಂತು. ೧೯೫೯ರ ನವೆಂಬರಿನಲ್ಲಿ ರಜೆಗೆ ಬಂದಾಗ ಅಂಜನಾಪುರದ ನಾಲೆಯ ನೀರಿಗೆ ಭತ್ತ ಚೆನ್ನಾಗಿ ತೆನೆಕಟ್ಟಿತ್ತು. ತಾಯಿ ಹುಲಿಯಮ್ಮ ಅವನಿಗೆ ಹೆಣ್ಣು ಹುಡುಕುತ್ತಿದ್ದಳು. ಅವನು ಬಂದ ಸುದ್ದಿ ತಿಳಿದು ಒಂದು ಮಧ್ಯಾಹ್ನ ಮಾಸ್ತಮ್ಮ ಮಗನ ಕೈ ಹಿಡಿದುಕೊಂಡು ಅಂಗಳಕ್ಕೆ ಬಂದಳು. ಹೂವಪ್ಪ ಗುರುತು ಸಿಗದಷ್ಟು ಬಡಕಲಾಗಿದ್ದ. ಉಚ್ಚಂಗಪ್ಪನನ್ನು ಕಂಡವನೇ ತೂರಾಡುತ್ತಲೇ ಹಿಮ್ಮಡಿ ಜೋಡಿಸಿ, ಎದೆಯುಬ್ಬಿಸಿ ನಿಂತ.

"ಉಸ್ತಾದ್" ಎಂದ, ತೊದಲುತ್ತ.

ಮಾಸ್ತಮ್ಮ ಮಗನನ್ನೂ ಉಚ್ಚಂಗಪ್ಪನನ್ನೂ ನೋಡಿದಳು. "ಇವ್ನು ಯಾರಿಗೂ ಹಿಂಗೆ ಮಾಡಲ್ಲ" ಎಂದಳು. "ಊರಿನ ಪಟೇಲ್ರು ಬಂದ್ರೂ ಏಳಲ್ಲ. ಎಂಟು ದಿನ ಆತು, ನನ್ನ ಕೈಯಾಗೆ ಒಂದು ತುತ್ತು ತಿಂದಿಲ್ಲ. ನಿದ್ದೆಯಾಗೂ ಉಸ್ತಾದ್ ಅಂತಾನೆ. ಉಸ್ತಾದ್ ಅಂದ್ರೆ ಯಾರು?"

ಹುಲಿಯಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಉಚ್ಚಂಗಪ್ಪ ನೆಲ ನೋಡಿದ.

"ನಾನೇ."

"ಇವನ್ನ ಬಿಸ್ಲಿಗೆ ತಳ್ಳಿದ್ದು?"

"ನಾನೇ, ಅವ್ವ."

ಮಾಸ್ತಮ್ಮ ಸೆರಗಿನ ಗಂಟು ಬಿಚ್ಚಿ ದಾರಿಗೆಂದು ತಂದಿದ್ದ ರೊಟ್ಟಿ ತೆಗೆದು ಮಗನ ಕೈಗೆ ಕೊಟ್ಟಳು. ಹೂವಪ್ಪ ಅದನ್ನು ಹಿಡಿದುಕೊಂಡು ಹಾಗೇ ನಿಂತ.

"ನಿನ್ನ ಮಾತು ಕೇಳ್ತಾನಲ್ಲ," ಎಂದಳು. "ತಿನ್ನು ಅನ್ನು."

"ಅವ್ವ..."

"ಅನ್ನು. ನನ್ನ ಮಗ ಸಾಯಬಾರದು."

ಉಚ್ಚಂಗಪ್ಪ ಹುಕುಮಿನ ಧ್ವನಿಯಲ್ಲಿ ಹೇಳಿದ. ಹೂವಪ್ಪ ತಿಂದ, ನಿಂತ ನಿಲುವಿನಲ್ಲೇ, ನೇರ ಮುಂದೆ ನೋಡುತ್ತ. ರೊಟ್ಟಿ ಮುಗಿದ ಮೇಲೂ ಅವನ ಕೈ ಬಾಯಿಗೆ ಹೋಗುತ್ತಲೇ ಇತ್ತು. ಸಾಕು ಅನ್ನಲು ಉಚ್ಚಂಗಪ್ಪನಿಗೆ ಹೊಳೆಯಲಿಲ್ಲ. ಕೊನೆಗೆ ಮಾಸ್ತಮ್ಮ ಮಗನ ಬೆರಳನ್ನು ಹಲ್ಲಿನಿಂದ ಬಿಡಿಸಬೇಕಾಯಿತು, ರಕ್ತ ಬಂದಿತ್ತು. ಹುಲಿಯಮ್ಮ ತಂದ ನೀರನ್ನು ಅವಳು ಮುಟ್ಟಲಿಲ್ಲ. ಮಗನನ್ನು ನಡೆಸಿಕೊಂಡು ಬಸ್ಸಿನ ದಾರಿ ಹಿಡಿದಳು.

ಹುಲಿಯಮ್ಮ ಆಮೇಲೆ ಹೆಣ್ಣಿನ ಮಾತೆತ್ತಲಿಲ್ಲ. ಮಗನಿಗೆ ಊಟಕ್ಕೆ ಬಡಿಸಿಟ್ಟು ಹೊಲಕ್ಕೆ ಹೋಗಿಬಿಡುತ್ತಿದ್ದಳು. ಇನ್ನೂ ಇಪ್ಪತ್ತು ದಿನ ರಜೆ ಇರುವಾಗಲೇ ಉಚ್ಚಂಗಪ್ಪ ಟ್ರಂಕು ಹೊತ್ತು ಶಿಕಾರಿಪುರಕ್ಕೆ ನಡೆದು ಬಸ್ಸು ಹತ್ತಿದ. ಕ್ಯಾಂಪಿನಲ್ಲಿ, ರಜೆ ಮುಗಿಯುವ ಮೊದಲೇ ಕೆಲಸಕ್ಕೆ ಬಂದ ನಿಷ್ಠಾವಂತನೆಂದು ಅವನ ವರದಿಯಲ್ಲಿ ಒಂದು ಸಾಲು ಬರೆದರು. ಡಿಸೆಂಬರಿನಲ್ಲಿ ಹವಾಲ್ದಾರ್ ತರಬೇತಿಗೆ ಆಯ್ಕೆಯಾದವರ ಪಟ್ಟಿಯಲ್ಲಿ ಅವನ ಹೆಸರೇ ಮೊದಲನೆಯದಾಗಿತ್ತು.